ಅಕ್ಕಾವ್ರೇ, ಆ ನಾಲ್ಕೂವರೆ ಸಾವಿರ ನಿಜವಾಗಿ ಉಳಿಯುತ್ತಾ?

ಮುಧೋಳದ ಅಕ್ಕಾವ್ರಿಗೆ ನಮಸ್ಕಾರ. ನಿಮ್ಮ ಪತ್ರ ವಿಜಯಪುರಕ್ಕೆ ಬಂದು ವಾರವಾಯಿತು, ಉತ್ತರ ತಡವಾಯಿತು, ಕ್ಷಮಿಸಿ.

ಉಳಿದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಅಕ್ಕಾವ್ರು ಕನ್ನಡ ಶಾಲೆಯಲ್ಲಿ ಟೀಚರ್. ಮಗನಿಗೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಲ್ಯಾಪ್‌ಟಾಪ್ ಬೇಕು. ಆನ್‌ಲೈನ್‌ನಲ್ಲಿ 51,000 ರೂಪಾಯಿ, "ಅದೇ ಲ್ಯಾಪ್‌ಟಾಪ್" ಬಾಗಲಕೋಟೆಯ ಅಂಗಡಿಯಲ್ಲಿ 55,500. ಮಗ ಆನ್‌ಲೈನ್ ಅನ್ನುತ್ತಾನೆ. ಮೈದುನ ಮಾತ್ರ, "ಕೆಟ್ಟರ ಅಂಗಡ್ಯಾವನ ಮುಂದ ಹೋಗಿ ನಿಂದರಬಹುದು ವೈನಿ, ಆನ್‌ಲೈನ್‌ದಾಗ ಯಾರ ಮುಂದ ನಿಂದರ್ತೀರಿ?" ಅಂತ ಪಟ್ಟು ಹಿಡಿದು ಕೂತಿದ್ದಾರೆ.

ನನಗೆ ಮೊದಲ ಅನುಮಾನ ಬಂದಿದ್ದೇ ಆ "ಅದೇ" ಅನ್ನುವ ಮಾತಿನ ಮೇಲೆ. ಪತ್ರದ ಜೊತೆ ಎರಡು ಫೋಟೊ ಇಟ್ಟಿದ್ದು ಒಳ್ಳೆಯದಾಯಿತು. ಒಂದು ಮಗನ ಮೊಬೈಲ್ ಸ್ಕ್ರೀನ್‌ದು, ಇನ್ನೊಂದು ಅಂಗಡಿಯ ಬಾಕ್ಸಿನದು. ಕನ್ನಡಕ ಹಾಕಿಕೊಂಡು ನೋಡಿದೆ. ಹೆಸರು ಒಂದೇ, ಬಣ್ಣ ಒಂದೇ, ಆದರೆ ಮಾಡೆಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬೇರೆ. ಆನ್‌ಲೈನ್‌ದಕ್ಕೆ 8 ಜಿಬಿ ರ್‍ಯಾಮ್, ಅಂಗಡಿಯದಕ್ಕೆ 16 ಜಿಬಿ. ರ್‍ಯಾಮ್ ಅಂದರೆ ಲ್ಯಾಪ್‌ಟಾಪ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ. ಇಳಕಲ್ ಸೀರೆ ಅಂದ ಕೂಡಲೇ ನೀವು ರೊಕ್ಕ ಎಣಿಸಿ ಕೊಡುತ್ತೀರಾ? ಹತ್ತಿಯದೋ ರೇಷ್ಮೆಯದೋ, ಕೈಮಗ್ಗದ್ದೋ ಪವರ್‌ಲೂಮ್‌ದೋ ಅಂತ ಕೇಳುತ್ತೀರಿ ಅಲ್ವಾ? ಇಲ್ಲೂ ಅಷ್ಟೇ. ಅದೂ ಅಲ್ಲದೆ ಈಗಿನ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಅನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಮುಂದೆ ಯಾವಾಗಲಾದರೂ ಜಾಸ್ತಿ ಮಾಡಿಸೋಣ ಅಂದರೆ ಆಗುವುದಿಲ್ಲ. ನಾಲ್ಕು ವರ್ಷ ಇಂಜಿನಿಯರಿಂಗ್ ಓದುವವನಿಗೆ 16 ಇರಲಿ. (ಫೈಲ್ ಇಡುವ ಜಾಗ 512 ಜಿಬಿ ಅಂತ ಬರೆದು ಒಳಗೆ 476 ತೋರಿಸಿದರೆ ಗಾಬರಿಯಾಗಬೇಡಿ. ಅದು ಮೋಸ ಅಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.)

ಇನ್ನೊಂದು ವಿಷಯ. ಮಗನ ಫೋಟೊದಲ್ಲಿ 51,000ದ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಿವೆ ನೋಡಿ: ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದ್ದರೆ ಮಾತ್ರ ಈ ಬೆಲೆ, ಇಲ್ಲದಿದ್ದರೆ 52,500. ನಿಮ್ಮ ಹತ್ತಿರ ಆ ಕಾರ್ಡ್ ಇದೆಯಾ? ಪತ್ರದಲ್ಲಿ ಬರೆದಿಲ್ಲ. "ನೋ ಕಾಸ್ಟ್ ಇಎಂಐ" (ಬಡ್ಡಿಯಿಲ್ಲದ ಕಂತು) ಅಂತ ಇನ್ನೊಂದು ಆಸೆ ತೋರಿಸುತ್ತಾರೆ. ಅಲ್ಲಿ ಬಡ್ಡಿಯಷ್ಟು ರಿಯಾಯಿತಿ ಕೊಟ್ಟರೂ ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ, ಪ್ರೊಸೆಸಿಂಗ್ ಫೀ ಸಾಮಾನ್ಯವಾಗಿ ನಮ್ಮ ತಲೆಗೇ ಬರುತ್ತದೆ. ಅಂದರೆ ಕಾರ್ಡ್ ಇಲ್ಲದಿದ್ದರೆ ವ್ಯತ್ಯಾಸ ಮೂರೇ ಸಾವಿರ, ಅದೂ ಅರ್ಧ ರ್‍ಯಾಮ್‌ಗೆ.

ಮೈದುನರ ಮಾತು ಅರ್ಧ ಸರಿ. ಲ್ಯಾಪ್‌ಟಾಪ್ ಕೆಟ್ಟರೆ ಅಂಗಡಿಯವರು ರಿಪೇರಿ ಮಾಡುವುದಿಲ್ಲ. ವಾರಂಟಿ ಕಂಪನಿಯದು. ಎಲ್ಲೇ ತಗೊಂಡರೂ ಕೊನೆಗೆ ಹೋಗುವುದು ಕಂಪನಿಯ ಸರ್ವಿಸ್ ಸೆಂಟರ್‌ಗೇ. ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಬೆಲೆ ಅಲ್ಲ, "ಇದು ಆನ್‌ಸೈಟ್ ವಾರಂಟಿನಾ, ನಾವೇ ಒಯ್ಯಬೇಕಾ? ಒಯ್ಯಬೇಕಾದರೆ ಯಾವ ಊರಿಗೆ?" ಅಂತ. ಆನ್‌ಸೈಟ್ ಆದರೆ ಇಂಜಿನಿಯರ್ ಮನೆಗೇ ಬರುತ್ತಾರೆ. ಇಲ್ಲದಿದ್ದರೆ ಮಗ ಕ್ಲಾಸ್ ಬಿಟ್ಟು ಬೆಳಗಾವಿಗೋ ಹುಬ್ಬಳ್ಳಿಗೋ ಬಸ್ ಹತ್ತಬೇಕು.

ಈಗ ನನ್ನ ಕತೆ. ಕೆಲವು ವರ್ಷದ ಹಿಂದೆ ನಮ್ಮ ಆಫೀಸಿಗೆ ಗುರುತಿನ ಅಂಗಡಿಯಲ್ಲೇ ಒಂದು ಲ್ಯಾಪ್‌ಟಾಪ್ ತಂದೆ. "ಪಕ್ಕಾ ಬಿಲ್ ಬ್ಯಾಡ ಅಂದ್ರ ಸಾವಿರ ಕಮ್ಮಿ ಮಾಡ್ತೀನ್ರೀ ಸರ" ಅಂದರು. ಹಲ್ಲು ಕಿರಿದು ಹೂಂ ಅಂದೆ. ಎಸ್ಟಿಮೇಟ್ ಅಂತ ಬರೆದ ಹಳದಿ ಚೀಟಿ ಕೈಗೆ ಬಂತು. ಎಂಟನೇ ತಿಂಗಳಿಗೆ ಎಫ್ ಕೀ ಸತ್ತಿತು. ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆ ಗೊತ್ತು, ಎಫ್ ಇಲ್ಲದಿದ್ದರೆ ಒತ್ತಕ್ಷರವೇ ಇಲ್ಲ. ಪತ್ರಿಕೆ "ಪತರಿಕೆ" ಆಯಿತು, ಅಕ್ಕ "ಅಕಕ" ಆದಳು. ಸರ್ವಿಸ್ ಸೆಂಟರ್‌ನಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿ, ವಾರಂಟಿ ಮುಗಿದಿದೆ ಅಂದರು. ಎಂಟೇ ತಿಂಗಳಾಯಿತಲ್ರೀ ಅಂದೆ. ಮಾಲು ಅಂಗಡಿಯಲ್ಲಿ ಬಹಳ ದಿನ ಕೂತಿತ್ತಂತೆ, ಅವರ ಕಂಪ್ಯೂಟರ್‌ನಲ್ಲಿ ವಾರಂಟಿ ಶುರುವಾಗಿದ್ದು ಕಂಪನಿಯಿಂದ ಹೊರಟ ದಿನದಿಂದ. ಬಿಲ್ ತೋರಿಸಿ, ತಾರೀಖು ತಿದ್ದುತ್ತೇವೆ ಅಂದರು. ಬಿಲ್ ಎಲ್ಲಿಂದ ತರಲಿ? ಉಳಿಸಿದ ಸಾವಿರಕ್ಕೆ ಮೂರು ಪಟ್ಟು ಕೊಟ್ಟು ಕೀಬೋರ್ಡ್ ಹಾಕಿಸಿದೆ.

ಹಾಗಾಗಿ ಅಕ್ಕಾವ್ರೇ, ನನ್ನ ಓಟು ಬಾಗಲಕೋಟೆಯ ಅಂಗಡಿಗೆ, ಆದರೆ ಪಕ್ಕಾ ಬಿಲ್ ಕೊಟ್ಟರೆ ಮಾತ್ರ. ಬಿಲ್‌ನಲ್ಲಿ ಜಿಎಸ್‌ಟಿ ನಂಬರ್, ಮಾಡೆಲ್ ನಂಬರ್, ಸೀರಿಯಲ್ ನಂಬರ್ ಮೂರೂ ಇರಬೇಕು. 16 ಜಿಬಿಯದಕ್ಕೇ ಆನ್‌ಲೈನ್‌ನಲ್ಲಿ ಎಷ್ಟಿದೆ ಅಂತ ಮೊದಲೇ ನೋಡಿಕೊಂಡು ಹೋಗಿ ತೋರಿಸಿ. "ಆ ರೇಟಿಗೆ ಕೊಟ್ಟರ ನಮಗೇನ್ ಉಳೀತೈತ್ರೀ?" ಅನ್ನುತ್ತಾರೆ, ಅನ್ನಲಿ. ಸುಮ್ನೆ ಕೂತಿರಿ. ಸಾವಿರ ಇಳಿಯಬಹುದು, ಇಲ್ಲವೇ ಬ್ಯಾಗು, ಮೌಸ್ ಸಿಗಬಹುದು. ಎರಡು ಸಾವಿರದೊಳಗಿನ ವ್ಯತ್ಯಾಸವಾದರೆ ನಾನಾದರೆ ಅಲ್ಲೇ ತಗೊಳ್ಳುತ್ತೇನೆ.

ಅಂಗಡಿಯವರು ಬಿಲ್‌ಗೆ ಮುಖ ಸಿಂಡರಿಸಿದರೆ ಎದ್ದು ಬಂದು ಆನ್‌ಲೈನ್‌ನಲ್ಲೇ ತರಿಸಿ, ಏನೂ ಹೆದರಿಕೆ ಬೇಡ. ಹಾಸ್ಟೆಲ್‌ಗೆ ಬೇಡ, ಮನೆಗೇ ತರಿಸಿ. ತಂದವರ ಮುಂದೆಯೇ ಬಾಕ್ಸ್ ಬಿಚ್ಚಿಸುವ ವ್ಯವಸ್ಥೆ ಇದ್ದರೆ ಅದನ್ನೇ ಆರಿಸಿ, ನೋಡಿದ ಮೇಲೆಯೇ ಓಟಿಪಿ ಹೇಳಿ. ಮಗ ವಿಡಿಯೊ ಮಾಡಲಿ. ಬಹಳ ಕಡೆ ಲ್ಯಾಪ್‌ಟಾಪ್‌ಗೆ ಹಣ ವಾಪಸ್ ಇಲ್ಲ, ಬದಲಿ ಪೀಸ್ ಮಾತ್ರ, ಅದೂ ಕೆಲವೇ ದಿನದೊಳಗೆ. ಯಾರ ಮುಂದೆ ನಿಲ್ಲುವುದು ಅನ್ನುವ ಮೈದುನರಿಗೆ ಹೇಳಿ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೊಂಡವರು ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಿದವರು ಯಾವ ಊರಿನವರಾದರೂ ಸರಿ. ಐದು ಲಕ್ಷದವರೆಗಿನ ವಸ್ತುವಿಗೆ ದೂರಿನ ಶುಲ್ಕವೂ ಇಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಬಹುದು.

ಅಂಗಡಿಗೆ ಭಾನುವಾರ ಹೋಗಬೇಡಿ, ಗದ್ದಲದಲ್ಲಿ ಯಾರೂ ಸರಿಯಾಗಿ ತೋರಿಸುವುದಿಲ್ಲ. ರೊಕ್ಕ ಕೊಡುವ ಮೊದಲು ಆನ್ ಮಾಡಿಸಿ, ಒಂದೊಂದೇ ಕೀ ಒತ್ತಿ ನೋಡಿ. ಎಫ್ ಅನ್ನು ಎರಡು ಸಲ.