ಏಳು ಸೀಟಿನ ಕಾರು, ಕೊನೆ ಸೀಟಿನ ಮಗಳು

ಪಿಯುಸಿ ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾದರೆ ಸಾಕು, ದಾವಣಗೆರೆಯಲ್ಲಿ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಒಂದೇ ಥರದ ದೂರು ತರುವ ಅಪ್ಪ ಅಮ್ಮಂದಿರು ಜಾಸ್ತಿಯಾಗುತ್ತಾರೆ. "ಮಕ್ಕಳು ನಮ್ಮ ಜೊತೆ ಎಲ್ಲಿಗೂ ಬರಲ್ಲ ಮೇಡಂ. ದೇವಸ್ಥಾನಕ್ಕೆ ಬರಲ್ಲ, ಮದುವೆಗೆ ಬರಲ್ಲ. ಬಾಗಿಲು ಹಾಕ್ಕೊಂಡು ಮೊಬೈಲ್ ಹಿಡ್ಕೊಂಡು ಕೂತಿರ್ತಾರೆ." ಇದರ ಬೆನ್ನಿಗೇ ಕೆಲವರು ಇನ್ನೊಂದು ಮಾತು ಹೇಳುತ್ತಾರೆ. "ಒಂದು ದೊಡ್ಡ ಗಾಡಿ ತಗೊಂಡ್ರೆ ಬರ್ತಾರೇನೋ."

ಈ ಪ್ರಕರಣ ಬರೆಯಲು ಕಾರಣ ಇದೇ. ಕುಟುಂಬದ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಮನೆಯಲ್ಲಿ ಐದು ಜನ. ತಂದೆ ಧಾನ್ಯದ ವ್ಯಾಪಾರಿ, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮಗಳು ಎರಡನೇ ಪಿಯುಸಿ ಬರೆದವಳು, ಮಗ ಒಂಬತ್ತನೇ ಕ್ಲಾಸು ಮುಗಿಸಿದವನು. ಜೊತೆಗೆ ಮಂಡಿ ನೋವಿನ ಅಜ್ಜಿ. ಇದ್ದದ್ದು ಹಳೆಯ ಸಣ್ಣ ಕಾರು. ತಂದೆಗೆ ಚೀಟಿ ಎತ್ತಿದ ದುಡ್ಡು ಕೈಗೆ ಬಂದಿತ್ತು. ಅವರಿಗೆ ಬೆಂಗಳೂರಿನಲ್ಲಿ ನೋಡಿದ ಹಳೇ ಇನ್ನೋವಾ ಕ್ರಿಸ್ಟಾ ಮೇಲೆ ಮನಸ್ಸು. ಮಗನಿಗೆ ಸ್ಕಾರ್ಪಿಯೋನೇ ಆಗಬೇಕು. ತಾಯಿಗೆ ಯಾವುದೂ ಬೇಡ, ಮಗಳ ಇಂಜಿನಿಯರಿಂಗ್ ಸೀಟಿಗೆ ದುಡ್ಡು ಇಡಿ ಎನ್ನುವ ಪಟ್ಟು. ಮಗಳು ಏನು ಕೇಳಿದರೂ "ಏನಾದ್ರೂ ತಗೊಳ್ಳಿ" ಎನ್ನುತ್ತಿದ್ದಳು. ಅವಳ ಈ ಉತ್ತರಕ್ಕೇ ತಂದೆಗೆ ಕೋಪ. "ಇವಳಿಗೋಸ್ಕರ ಅಲ್ವಾ ಇಷ್ಟೆಲ್ಲಾ?" ಎಂದು ನನ್ನೆದುರೇ ಕೇಳಿದರು.

"ನೀವು ಆಪ್ತಸಲಹೆಗಾರರು, ಕಾರಿನ ಬ್ರೋಕರ್ ಅಲ್ಲ, ಆ ವಿಷಯ ನಿಮಗ್ಯಾಕೆ?" ಎಂದು ಈ ಕೆಲಸದಲ್ಲೇ ಇರುವ ಗೆಳತಿಯೊಬ್ಬರು ಆಮೇಲೆ ಕೇಳಿದರು. ನಾನು ಹಾಗೆ ನೋಡುವುದಿಲ್ಲ. ನಮ್ಮ ಕಡೆ ಮನೆಯ ನೋವು ನೋವು ಅಂತ ಹೇಳಿಕೊಂಡು ಬರುವುದಿಲ್ಲ. ಸೈಟು, ಚೀಟಿ ದುಡ್ಡು, ಮದುವೆ ಖರ್ಚು, ಕಾರು ಅಂತಲೇ ಬರುತ್ತದೆ. ಅದನ್ನು ಬದಿಗಿಟ್ಟು "ನಿಮ್ಮ ಭಾವನೆ ಹೇಳಿ" ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಕಾರಿನ ಬಗ್ಗೆಯೇ ಮಾತಾಡೋಣ ಎಂದರೆ ಎಲ್ಲ ಹೊರಗೆ ಬರುತ್ತದೆ.

ಆ ದಿನ ನಾನು ಕೋಣೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ಕಾರಿನ ಥರ ಜೋಡಿಸಿದೆ. ಮುಂದೆ ಎರಡು, ನಡುವೆ ಮೂರು, ಹಿಂದೆ ಎರಡು. "ಹೊಸ ಗಾಡಿ ಬಂದಿದೆ ಅಂದ್ಕೊಳ್ಳಿ. ಧರ್ಮಸ್ಥಳಕ್ಕೆ ಹೊರಟಿದ್ದೀರಿ. ಕೂತ್ಕೊಳ್ಳಿ" ಅಂದೆ.

ತಂದೆ ಮುಂದೆ ಬಲಗಡೆ ಕೂತರು. ಮಗ ಯೋಚನೆಯನ್ನೇ ಮಾಡದೆ ಅವರ ಪಕ್ಕ ಕೂತ. ತಾಯಿ ನಡುವಿನ ಸಾಲಿಗೆ ಹೋಗಿ ಎಡ ತುದಿಯ ಕುರ್ಚಿ ಮೇಲೆ ತಮ್ಮ ಬ್ಯಾಗ್ ಇಟ್ಟರು. "ಇದು ಅತ್ತೆ ಜಾಗ. ಹತ್ತಿ ಇಳಿಯಕ್ಕೆ ಬಾಗಿಲ ಹತ್ರಾನೇ ಬೇಕು." ಆ ಸಾಲಿನಲ್ಲಿ ಇನ್ನೊಂದು ಕುರ್ಚಿ ಖಾಲಿ ಇತ್ತು. ಮಗಳು ಗೋಡೆ ಪಕ್ಕ ನಿಂತೇ ಇದ್ದಳು. ಮನೆಯಲ್ಲಿ ಎಲ್ಲರಿಗಿಂತ ಎತ್ತರ ಅವಳೇ.

"ಅಲ್ಲಿ ಬೇಡ ಪುಟ್ಟಿ, ನಿಮ್ಮ ದೊಡ್ಡಮ್ಮ ಬಂದ್ರೆ ಬೇಕಾಗುತ್ತೆ" ಎಂದರು ತಂದೆ. "ನೀನು ಹಿಂದೆ ಆರಾಮಾಗಿ ಕಾಲು ಚಾಚ್ಕೊಂಡು ಕೂತ್ಕೋ."

ಅವಳು ಹಿಂದಿನ ಕುರ್ಚಿಗೆ ಹೋದಳು. ಕೂರುವ ಮೊದಲು ಅದನ್ನು ಮುಂದಕ್ಕೆ ಎಳೆದಳು, ಮಂಡಿ ಅಮ್ಮನ ಕುರ್ಚಿಗೆ ತಾಗುವವರೆಗೆ. ಯಾಕಮ್ಮ ಅಂದೆ. "ಕಾರಲ್ಲಿ ಇಷ್ಟೇ ಜಾಗ ಇರೋದು ಮೇಡಂ. ಮೊನ್ನೆ ಗಾಡಿ ನೋಡಕ್ಕೆ ಹೋದಾಗ ನಾನು ಹತ್ತಿ ಕೂತು ನೋಡಿದ್ದೆ. ಇವರೆಲ್ಲ ಬಾನೆಟ್ ತೆಗೆದು ಇಂಜಿನ್ ನೋಡ್ತಿದ್ರು." ಆಮೇಲೆ ತಂದೆಯ ಬೆನ್ನಿಗೆ ಹೇಳಿದಳು: "ಅಪ್ಪಾಜಿ, ಹಿಂದೆ ಕೂತ್ರೆ ನೀವು ಮಾತಾಡೋದು ನಂಗೆ ಕೇಳ್ಸಲ್ಲ. ನಾನು ಮಾತಾಡಿದ್ರೂ ನಿಮಗೆ ಕೇಳ್ಸಲ್ಲ. ದೊಡ್ಡಮ್ಮನ ಕಾರಲ್ಲಿ ಹೋದಾಗೆಲ್ಲ ನಾನೇ ಹಿಂದೆ, ಬ್ಯಾಗುಗಳ ಜೊತೆ. ಎರಡು ಸಲ ಕರೆದೆ, ಯಾರೂ ತಿರುಗಲಿಲ್ಲ. ಇಯರ್‌ಫೋನ್ ಹಾಕ್ಕೊಂಡೆ. ಆಮೇಲೆ ಮೊಬೈಲ್ ಬಿಡಲ್ಲ ಅಂತ ಬೈದ್ರಿ."

ತಂದೆ, "ಹೇಳ್ಬೇಕಿತ್ತಲ್ಲಮ್ಮ" ಎಂದರು. "ಹೇಳ್ದೆನಲ್ಲ, ಕೇಳಿಸಿಲ್ಲ ನಿಮಗೆ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದಳು ಅಷ್ಟೇ.

ನಾನು ಅವರಿಬ್ಬರ ಜಾಗ ಅದಲು ಬದಲು ಮಾಡಿಸಿದೆ. ತಂದೆಯನ್ನು ಅದೇ ಕುರ್ಚಿಯಲ್ಲಿ, ಮಂಡಿ ಒತ್ತಿಸಿಕೊಂಡು ಕೂರಿಸಿದೆ. ಫ್ಯಾನ್ ಜೋರಾಗಿಟ್ಟೆ. ಮುಂದಿದ್ದ ಅಕ್ಕ ತಮ್ಮನಿಗೆ ಏನಾದರೂ ಮಾತಾಡಿಕೊಳ್ಳಿ, ಹಿಂದಕ್ಕೆ ತಿರುಗಬೇಡಿ ಅಂದೆ. ಅವರು ಯಾವುದೋ ಕ್ರಿಕೆಟ್ ಮ್ಯಾಚಿನ ಸುದ್ದಿ ತೆಗೆದು ನಗತೊಡಗಿದರು. ಸ್ವಲ್ಪ ಹೊತ್ತಿಗೇ ತಂದೆ ಹಿಂದಿನಿಂದ "ಏನಂತೆ?" ಎಂದರು. ಮತ್ತೆ "ಏನು, ಏನಂದ್ರಿ?" ಎಂದರು. ಯಾರೂ ತಿರುಗಲಿಲ್ಲ. ಮೂರನೇ ಸಲ ಅವರು ಕೇಳಲಿಲ್ಲ, ಜೇಬಿನಿಂದ ಫೋನ್ ತೆಗೆದರು. ತೆಗೆದದ್ದು ಅವರಿಗೇ ಗೊತ್ತಾಗಿ ಮಗಳ ಕಡೆ ನೋಡಿದರು.

ಹರೆಯದ ಮಕ್ಕಳು ದೂರ ಹೋದರು ಎಂದು ನಾವು ಹೇಳುವಾಗ, ನಾವು ಅವರನ್ನು ಎಲ್ಲಿ ಕೂರಿಸಿದ್ದೇವೆ ಎಂದು ಮೊದಲು ನೋಡಬೇಕು. ಇದು ನನ್ನ ಗಟ್ಟಿ ನಂಬಿಕೆ. ಎಂಟು ವರ್ಷದ ಮಗುವಿಗೆ ಕೊಟ್ಟ ಜಾಗವನ್ನೇ ಹದಿನೇಳರ ಹುಡುಗಿಗೂ ಕೊಡುತ್ತೇವೆ. ಅದರಲ್ಲೂ ಹುಡುಗಿ ಆದರೆ "ಅವಳು ಅಡ್ಜಸ್ಟ್ ಮಾಡ್ಕೊಳ್ತಾಳೆ" ಎಂದು ಬಿಡುತ್ತೇವೆ. ಚಿಕ್ಕವನಾದ ತಮ್ಮ ಮುಂದೆ ಕೂತದ್ದನ್ನು ಆ ಕೋಣೆಯಲ್ಲಿ ಯಾರೂ ಪ್ರಶ್ನೆ ಮಾಡಲಿಲ್ಲ, ತಾಯಿ ಕೂಡ.

ಹಾಗಾಗಿ ಮೊದಲ ಸಲಹೆ ಇದು: ಗಾಡಿ ಯಾವುದು ಎಂದು ತೀರ್ಮಾನಿಸುವ ಮೊದಲು ಯಾರು ಎಲ್ಲಿ ಎಂದು ತೀರ್ಮಾನಿಸಿ. ಅಜ್ಜಿಯ ಜಾಗ ಖಾಯಂ. ಉಳಿದ ಸೀಟು ಎಲ್ಲರಿಗೂ ಸರದಿ, ಹಿಂದಿನದೂ ಸೇರಿ, ಅಮ್ಮನಿಗೂ ಸೇರಿ. ಅಪ್ಪನಿಗೂ ಸರದಿ ಇದೆ, ಬೇರೆಯವರು ಓಡಿಸುವ ದಿನ ಅವರೂ ಹಿಂದೆ. ಐದೇ ಜನ ಇದ್ದಾಗ ಹಿಂದಿನ ಸಾಲು ಮಡಚಿ ಸಾಮಾನು ಇಡಿ, ದೊಡ್ಡಮ್ಮ ಬರಬಹುದು ಎಂದು ಮಗಳನ್ನು ಹಿಂದೆ ತಳ್ಳಬೇಡಿ.

ಎರಡನೆಯದು, ಗಾಡಿ ನೋಡಲು ಐವರೂ ಹೋಗಿ. ಮಾರುವವರ ಅಂಗಳದಲ್ಲಿ ಒಂದು ನಿಮಿಷ ಕೂತರೆ ಎಲ್ಲ ಕಾರೂ ದೊಡ್ಡದಾಗೇ ಕಾಣುತ್ತದೆ. ಹರಿಹರದವರೆಗೆ ಹೋಗಿ ಬನ್ನಿ, ಮಟಮಟ ಮಧ್ಯಾಹ್ನ. ಮನೆಯಲ್ಲಿ ಎತ್ತರ ಇರುವವರು ಕೊನೆ ಸಾಲಿನಲ್ಲಿ ಕೂರಲಿ. ಎಸಿ ಗಾಳಿ ಅಲ್ಲಿಗೆ ಬರುತ್ತಾ, ತಲೆ ಸೂರಿಗೆ ತಾಗುತ್ತಾ, ಪಾದ ಮುಂದಿನ ಸೀಟಿನ ಕೆಳಗೆ ಹೋಗುತ್ತಾ, ಬೆಲ್ಟ್ ಇದೆಯಾ, ಎಲ್ಲ ಅವರೇ ಹೇಳಲಿ. ಏಳು ಸೀಟು ಎಂದು ಬರೆದ ಮಾತ್ರಕ್ಕೆ ಏಳು ದೊಡ್ಡವರು ಹಿಡಿಯುವುದಿಲ್ಲ. 2019ರಲ್ಲಿ ಬಂದ ರೆನೋ ಟ್ರೈಬರ್ ನಾಲ್ಕು ಮೀಟರಿಗಿಂತ ಗಿಡ್ಡ. ಏಳೂ ಸೀಟು ಹಾಕಿದರೆ ಡಿಕ್ಕಿಯಲ್ಲಿ ಉಳಿಯುವುದು 84 ಲೀಟರ್ ಜಾಗ, ಒಂದೆರಡು ಶಾಲೆ ಬ್ಯಾಗು ಅಷ್ಟೇ. 2018ರ ಕೊನೆಯಲ್ಲಿ ಬಂದ ಎರಡನೇ ತಲೆಮಾರಿನ ಮಾರುತಿ ಎರ್ಟಿಗಾದಲ್ಲಿ 209 ಲೀಟರ್. ಅದರ ನಡುವಿನ ಸಾಲು ಹಿಂದೆ ಮುಂದೆ ಸರಿಯುತ್ತದೆ, ಹಾಗಾಗಿ ಮಂಡಿಗೆ ಜಾಗ ಹಂಚಿಕೊಳ್ಳಬಹುದು. ಆದರೆ ಸಿಎನ್‌ಜಿ ಗಾಡಿ ಆದರೆ ಸಿಲಿಂಡರ್ ಡಿಕ್ಕಿ ಜಾಗ ತಿನ್ನುತ್ತದೆ. 2016ರಿಂದ ಬಂದ ಕ್ರಿಸ್ಟಾದಲ್ಲಿ ಕೊನೆ ಸಾಲೂ ಸುಮಾರಾಗಿ ದೊಡ್ಡವರಿಗೆ ಆಗುತ್ತದೆ, ಆದರೆ ಹಳೇ ಗಾಡಿಗೂ ಬೆಲೆ ಜಾಸ್ತಿ. ಮಗನ ಕಣ್ಣು ಬಿದ್ದಿದ್ದ ಹಳೇ ಸ್ಕಾರ್ಪಿಯೋದಲ್ಲಿ ಹಿಂದೆ ಎದುರು ಬದುರಾದ ಅಡ್ಡ ಸೀಟು, ಬೆಲ್ಟೂ ಇರಲಿಲ್ಲ. ಅದು ಬೇಡ ಎಂದು ನೇರವಾಗಿ ಹೇಳಿದೆ. ಹಿಂದೆ ಕೂತವರೂ ಬೆಲ್ಟ್ ಹಾಕಬೇಕು ಎಂಬ ಕಾನೂನಿದೆ, ಹಾಕದಿದ್ದರೆ 1000 ರೂಪಾಯಿ ದಂಡ. ದಂಡದ ಮಾತು ಆಮೇಲೆ, ಹೈವೇಯಲ್ಲಿ ಮಕ್ಕಳನ್ನು ಬೆಲ್ಟಿಲ್ಲದೆ ಅಡ್ಡ ಕೂರಿಸುವುದು ನನಗೆ ಒಪ್ಪಿಗೆ ಇಲ್ಲ.

ದುಡ್ಡಿನ ಮಾತನ್ನು ಮಕ್ಕಳ ಎದುರೇ ಆಡಿ ಎಂದೆ. ತಂದೆಗೆ ಇದು ಹಿಡಿಸಲಿಲ್ಲ. ಮಕ್ಕಳಿಗೆ ಯಾಕೆ ಟೆನ್ಷನ್ ಎಂದರು. ಟೆನ್ಷನ್ ಈಗಾಗಲೇ ಮಗಳಿಗಿತ್ತು. ಇನ್ನೋವಾ ಬಂದರೆ ತನ್ನ ಕಾಲೇಜು ಫೀಸಿಗೆ ಏನು ಗತಿ ಎಂದು ಅವಳು ತಿಂಗಳಿಂದ ಯೋಚಿಸುತ್ತಿದ್ದಳು. ಅದಕ್ಕೇ "ಏನಾದ್ರೂ ತಗೊಳ್ಳಿ" ಎಂಬ ಉತ್ತರ. ಒಂದು ಹಾಳೆ ಕೊಟ್ಟೆ. ಮೊದಲ ಸಾಲಿನಲ್ಲಿ ಕಾಲೇಜಿನ ದುಡ್ಡು ಬರೆಸಿದೆ. ಉಳಿದದ್ದು ಕಾರಿಗೆ. ಹಳೇ ಕಾರಿನ ಸಾಲಕ್ಕೆ ಬಡ್ಡಿ ಹೊಸದಕ್ಕಿಂತ ಜಾಸ್ತಿ ಎಂಬುದನ್ನೂ ಬರೆಸಿದೆ. ಇನ್ನೋವಾ ಅಲ್ಲೇ ಬಿತ್ತು ಎಂದುಕೊಂಡೆ. ಬೀಳಲಿಲ್ಲ, ಒಂದು ಸಲ ನೋಡೇ ಬಿಡೋಣ ಎಂದರು.

ಇನ್ನು ಮಗ. ಅವನಿಗೆ ಸ್ಕಾರ್ಪಿಯೋ ಯಾಕೆ ಬೇಕಿತ್ತು ಎಂದು ಅವನೊಬ್ಬನನ್ನೇ ಕೂರಿಸಿ ಕೇಳಿದೆ. ಓಡಿಸಬೇಕಿತ್ತು, ಅಷ್ಟೇ. ಊರಾಚೆ ಲೇಔಟಿನಲ್ಲಿ ತಂದೆಯೇ ಸ್ಟೇರಿಂಗ್ ಕೊಟ್ಟಿದ್ದರಂತೆ. ಆಮೇಲೆ ಒಳಗೆ ಕರೆದು ಕೇಳಿದಾಗ "ಎಲ್ಲಾರೂ ಓಡಿಸ್ತಾರಲ್ಲ ಮೇಡಂ" ಎಂದರು ತಂದೆ. 2019ರ ತಿದ್ದುಪಡಿ ಆದ ಮೇಲೆ ಹದಿನೆಂಟು ತುಂಬದವರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಅವನ ಎದುರೇ ಓದಿ ಹೇಳಿದೆ. ಹುಡುಗನ ಮುಖ ಇಳಿದದ್ದು ಕೊನೆಯ ಮಾತಿಗೆ.

ಆದರೆ ಬೇಡ ಎಂದಷ್ಟೇ ಹೇಳಿ ಆ ವಯಸ್ಸಿನವರನ್ನು ಕಳಿಸಬಾರದು. ಅವನಿಗೊಂದು ನಿಜವಾದ ಕೆಲಸ ಬೇಕಿತ್ತು. ಗಾಡಿ ಪರೀಕ್ಷೆ ಮಾಡುವ ಜವಾಬ್ದಾರಿ ನಿನ್ನದು, ನೀನು ಸರಿ ಎಂದರೆ ಮಾತ್ರ ಅಡ್ವಾನ್ಸ್ ಎಂದು ತಂದೆಯಿಂದಲೇ ಹೇಳಿಸಿದೆ. ಗಾಡಿ ನಂಬರ್ ಹಾಕಿ ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ಎಷ್ಟನೇ ಓನರ್, ಸಾಲ ಇದೆಯಾ, ವಿಮೆ ಇದೆಯಾ ನೋಡುವುದು. ಟೈರ್ ಮೇಲಿನ ನಾಲ್ಕು ಅಂಕಿ ಓದುವುದು. 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರ ತಯಾರಾದದ್ದು. ಮೀಟರ್ ಕಡಿಮೆ ತೋರಿಸಿ ಪೆಡಲಿನ ರಬ್ಬರ್ ಸವೆದಿದ್ದರೆ ಅನುಮಾನ ಪಡುವುದು. ಮುಂಚೆ ಹಳದಿ ಬೋರ್ಡ್ ಇತ್ತಾ, ಅಂದರೆ ಟ್ಯಾಕ್ಸಿಯಾಗಿ ಓಡಿತ್ತಾ ಎಂದು ವಿಚಾರಿಸುವುದು. ಮತ್ತೆ ಎಲ್ಲ ಸೀಟಿನ ಬೆಲ್ಟನ್ನೂ ಕೊನೆಯವರೆಗೆ ಎಳೆದು ನೋಡುವುದು.

ಬೆಂಗಳೂರಿನ ಇನ್ನೋವಾ ನೋಡಲು ಎಲ್ಲರೂ ಹೋದರು. ಫಳಫಳ ಹೊಳೆಯುತ್ತಿತ್ತಂತೆ. ತಂದೆ ಒಪ್ಪಿಯೇ ಬಿಟ್ಟಿದ್ದರು. ಹುಡುಗ ಕೊನೆ ಸಾಲಿಗೆ ನುಗ್ಗಿ ಬೆಲ್ಟ್ ಎಳೆದ. ಮೊದಲ ಒಂದು ಮೊಳ ಶುಭ್ರವಾಗಿತ್ತು. ಪೂರ್ತಿ ಎಳೆದಾಗ ಒಳಗಿನಿಂದ ಕಂದು ಬಣ್ಣದ ಗೆರೆ ಬಂತು, ಕೆಸರು ಒಣಗಿದ ಹಾಗೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಇನ್ನೊಂದು ಬೆಲ್ಟಿನಲ್ಲೂ ಅಷ್ಟೇ ಎತ್ತರಕ್ಕೆ ಅದೇ ಗೆರೆ. ಕಾರ್ಪೆಟ್ ಎತ್ತಿದರೆ ಬೋಲ್ಟುಗಳಿಗೆ ತುಕ್ಕು. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನಲ್ಲಿ ಎಷ್ಟೋ ಬೇಸ್‌ಮೆಂಟುಗಳಲ್ಲಿ ಕಾರುಗಳು ನೀರಲ್ಲಿ ನಿಂತಿದ್ದವು. ಈ ಗಾಡಿ ಎಲ್ಲಿ ನಿಂತಿತ್ತೋ ಏನೋ, ಮಾರುವವನು ಮಾತು ಬದಲಿಸಿದ. "ಅಪ್ಪಾಜಿ, ಇದು ಬೇಡ" ಎಂದ ಹುಡುಗ. ಅಷ್ಟು ದೊಡ್ಡ ದುಡ್ಡಿನ ವಿಷಯದಲ್ಲಿ ತಂದೆ ಅವನ ಮಾತು ಕೇಳಿದ್ದು ಅದೇ ಮೊದಲು.

ಕೊನೆಗೆ ಶಿವಮೊಗ್ಗದ ಒಬ್ಬರೇ ಓನರಿನ ಪೆಟ್ರೋಲ್ ಎರ್ಟಿಗಾ ಬಂತು. ಕ್ರಿಸ್ಟಾಕ್ಕೆ ಇಟ್ಟಿದ್ದ ದುಡ್ಡಿನಲ್ಲಿ ಉಳಿದದ್ದು ಕಾಲೇಜಿಗೆ. ಗಾಡಿ ಮೇಲಿದ್ದ ಹಳೇ ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ, ದಾಖಲೆಯಿಂದ ಆ ಸಾಲ ತೆಗೆಸುವ ಫಾರಂ 35, ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30, ಎಲ್ಲ ಕೈಗೆ ಬಂದ ಮೇಲೆಯೇ ಪೂರ್ತಿ ದುಡ್ಡು ಕೊಟ್ಟರು. ವಿಮೆಯನ್ನೂ ಹದಿನಾಲ್ಕು ದಿನದೊಳಗೆ ತಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಹಾಕಿದರು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆರ್‌ಸಿ ಹಳಬರ ಹೆಸರಲ್ಲೇ ಬಿಟ್ಟು ವರ್ಷಗಟ್ಟಲೆ ಓಡಾಡುವವರು ನಮ್ಮಲ್ಲಿ ಬಹಳ. ಅಪಘಾತವಾದರೆ ಆ ಕಷ್ಟ ಎರಡು ಮನೆಗೆ.

ಕಾರು ಬಂತು, ಎಲ್ಲ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ಮಗಳು ಚಿತ್ರದುರ್ಗದ ಕೋಟೆಗೆ ಮನೆಯವರ ಜೊತೆ ಹೋದಳು, ಸಂಬಂಧಿಕರ ಒಂದು ಮದುವೆಗೆ ಬರಲ್ಲ ಅಂದಳು. ಬರದಿದ್ದರೆ ಬಿಡಿ ಎಂದು ನಾನೇ ತಾಯಿಗೆ ಹೇಳಿದೆ, ಆ ವಯಸ್ಸಿನವರಿಗೆ ಅಷ್ಟು ಆಯ್ಕೆ ಇರಬೇಕು. ಸರದಿ ಪಟ್ಟಿ ಫ್ರಿಜ್ ಮೇಲೆ ಅಂಟಿಸಿದ್ದಾರೆ, ಅಜ್ಜಿಗೆ ಅದು ಇಷ್ಟವಿಲ್ಲ. ಗಂಡುಹುಡುಗ ಹಿಂದೆ ಕೂರುವುದೇ ಎಂದು ಗೊಣಗುತ್ತಾರಂತೆ. ಮಗಳಿಗೆ ಹದಿನೆಂಟು ತುಂಬಿತು, ಕಲಿಯುವವರ ಲೈಸೆನ್ಸ್ ಆದ ಎಲ್‌ಎಲ್‌ಆರ್ ಮಾಡಿಸಿದ್ದಾಳೆ. ಪಕ್ಕದಲ್ಲಿ ತಂದೆ ಕೂತು ಕಲಿಸುತ್ತಿದ್ದಾರೆ. ಇದಕ್ಕೆ ತಮ್ಮ ಸಿಡಿಮಿಡಿ. ಗಾಡಿ ಆರಿಸಿದ್ದು ನಾನು, ಓಡಿಸೋದು ಅವಳು ಎನ್ನುತ್ತಾನೆ. ಲೇಔಟಿನೊಳಗೆ ಒಂದೇ ಒಂದು ರೌಂಡು ಕೊಡಬಹುದಾ ಎಂದು ತಂದೆ ಮೊನ್ನೆ ಫೋನ್ ಮಾಡಿ ಕೇಳಿದರು. ಬೇಡ ಎಂದೆ. ಮುಂದಿನ ವಾರ ಅಪ್ಪ ಮಗ ಇಬ್ಬರೂ ಬರುತ್ತಾರೆ, ಕೂತು ಮಾತಾಡೋಣ, ಉತ್ತರ ಮಾತ್ರ ಇದೇ ಎಂದು ಈಗಲೇ ಹೇಳಿದ್ದೇನೆ.