ಪ್ರತಿಕ್ರಿಯೆ: ನಾಲ್ಕು ಜನಕ್ಕೆ ಯಾವ ಸ್ಮೋಕರ್?

ಪುಣೆಯ ಫ್ಲ್ಯಾಟಲ್ಲಿ ನಾಲ್ಕು ಜನಕ್ಕೆ 14 ಇಂಚಿನ ಇದ್ದಿಲು ಸ್ಮೋಕರ್ (ಮಾಂಸವನ್ನ ಹೊಗೆಯಲ್ಲಿ ನಿಧಾನಕ್ಕೆ ಬೇಯಿಸೋ ಒಲೆ) ಸಾಕಾ, 18 ಇಂಚಿಂದೇ ಬೇಕಾ ಅಂತ ಕೇಳಿದ್ದೀರಿ. 14 ಧಾರಾಳ ಸಾಕು ಸರ್, ಇದ್ದಿಲೂ ಕಡಿಮೆ ತಿನ್ನುತ್ತೆ. ಪೋರ್ಕ್ ರಿಬ್ಸ್ (ಹಂದಿಯ ಪಕ್ಕೆಲುಬು) ಉದ್ದಕ್ಕೇ ಇಡೋ ಆಸೆ ಇದ್ರೆ ಮಾತ್ರ 18.

ಅಂಗಡಿಯಲ್ಲೇ ಮೊಬೈಲ್ ಟಾರ್ಚ್ ಒಳಗಿಟ್ಟು ಮುಚ್ಚಳ ಹಾಕಿ ನೋಡಿ. ಬಾಗಿಲ ಅಂಚಲ್ಲಿ ಬೆಳಕು ಸೋರಿದ್ರೆ ಗಾಳಿಯೂ ನುಗ್ಗುತ್ತೆ, ಕೆಂಡ ಜೋರಾಗಿ ಉರಿದು ಶಾಖ ಹತೋಟಿಗೆ ಸಿಗಲ್ಲ. ಕೆಳಗಿನ ಗಾಳಿಕಿಂಡಿಗಳು ಬೇಕಾದಾಗ ಬಿಗಿಯಾಗಿ ಮುಚ್ಚುವಂತಿರಬೇಕು. ಒಳಗಿನ ಶಾಖ 110ರಿಂದ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲೋದು ಅದರ ಮೇಲೇನೇ. ಮುಚ್ಚಳದ ಮೀಟರೊಂದನ್ನೇ ನಂಬಬೇಡಿ, ಮಾಂಸಕ್ಕೆ ಚುಚ್ಚಿ ನೋಡೋ ಪ್ರೋಬ್ ಥರ್ಮಾಮೀಟರ್ ತಗೊಳ್ಳಿ. ಕೋಳಿ ಒಳಗೆ 74 ಡಿಗ್ರಿ ಮುಟ್ಟಲೇಬೇಕು.

ಗಾಜು ಮುಚ್ಚಿದ ಬಾಲ್ಕನಿಯಲ್ಲಂತೂ ದಯವಿಟ್ಟು ಹಚ್ಚಬೇಡಿ, ಇದ್ದಿಲು ಬಿಡೋ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇರಲ್ಲ. ಸೊಸೈಟಿಯವರನ್ನ ಕೇಳಿ ಟೆರೇಸಿಗೇ ತಗೊಂಡು ಹೋಗಿ.