ಆಂಪ್ ಸೀಟಿನ ಕೆಳಗೋ, ಡಿಕ್ಕಿಯಲ್ಲೋ?

ನಮಸ್ಕಾರ ಸಾರ್. ಸ್ವಿಫ್ಟ್ ಕಾರಿಗೆ ನಾಲ್ಕು ಚಾನೆಲ್ ಆಂಪ್ (ಸ್ಪೀಕರ್‌ಗಳ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ತಗೊಂಡಿದ್ದೀರಿ, ಮಂಡ್ಯದ ಅಂಗಡಿಯವರು ಅದನ್ನ ಡಿಕ್ಕಿಯ ಸಬ್‌ವೂಫರ್ (ಬೇಸ್ ಸದ್ದಿನ ದೊಡ್ಡ ಸ್ಪೀಕರ್) ಬಾಕ್ಸಿಗೇ ಸ್ಕ್ರೂ ಹೊಡೀತೀವಿ ಅಂತಿದ್ದಾರೆ, ಸರೀನಾ ಅಂತ ಕೇಳಿದ್ದೀರಿ. ಬೇಡ. ಬಾಕ್ಸ್ ಅದುರುತ್ತಲೇ ಇರುತ್ತದೆ. ಸ್ಕ್ರೂ ಸಡಿಲ ಆಗುತ್ತದೆ, ಆಂಪ್ ಒಳಗಿನ ಬೆಸುಗೆಯೂ ಬಿಡಬಹುದು.

ನಾನಾದರೆ ಮುಂದಿನ ಸೀಟಿನ ಕೆಳಗೆ ಇಡುತ್ತೇನೆ. ಮೊದಲು ಸೀಟನ್ನು ಪೂರ್ತಿ ಹಿಂದಕ್ಕೆ, ಪೂರ್ತಿ ಮುಂದಕ್ಕೆ ಎಳೆದು ನೋಡಿ. ಎಲ್ಲೂ ತಾಗಬಾರದು, ಮೇಲೆ ಎರಡು ಬೆರಳಷ್ಟಾದರೂ ಗಾಳಿ ಆಡಬೇಕು. ಮಳೆಗಾಲದಲ್ಲಿ ಹಿಂದೆ ಕೂತವರ ಚಪ್ಪಲಿ ನೀರೆಲ್ಲ ಅಲ್ಲಿಗೇ ಹರಿಯುತ್ತದೆ ಅಲ್ವಾ? ಅದಕ್ಕೆ ಕಾರ್ಪೆಟ್ ಮೇಲೆ ಸುಮ್ನೆ ಇಡದೆ ಸಣ್ಣ ಪ್ಲೈವುಡ್ ಹಲಗೆಗೆ ಬಿಗಿಯಿರಿ.

ಜಾಗ ಸಾಲದಿದ್ದರೆ ಹಿಂದಿನ ಸೀಟಿನ ಬೆನ್ನಿಗೆ ಹಾಕಿಸಿ, ಸೀಟು ಮಡಚುವಷ್ಟು ವೈರ್ ಸಡಿಲ ಬಿಡಿಸಿ. ತಲೆಕೆಳಗಾಗಿ ಮಾತ್ರ ಬೇಡ. ಬಿಸಿ ಮೇಲೇರಿ ಆಂಪ್‌ನಲ್ಲೇ ಉಳಿಯುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗೆ ಅದು ಪದೇಪದೇ ಕಟ್ ಆಗುತ್ತದೆ.

ಎಲ್ಲೇ ಇಡಲಿ, ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು. ಅರ್ತ್ ವೈರ್ ಗಿಡ್ಡ ಇರಲಿ, ಪೇಂಟ್ ಕೆರೆದು ಬರೀ ಲೋಹಕ್ಕೆ ಕೂರಿಸಲಿ. ಡ್ರಿಲ್ ಹಾಕುವ ಮುಂಚೆ ಗಾಡಿ ಕೆಳಗೆ ಬಗ್ಗಿ ನೋಡೋಕೆ ಹೇಳಿ, ಪೆಟ್ರೋಲ್ ಪೈಪ್ ಅಲ್ಲೇ ಹಾದಿರುತ್ತದೆ.